ಘಮಘಮಿಸದ ನೆಲವೂ ಶುಚಿಯೇ

ನಮ್ಮ ಸೊಸೆ ಮದುವೆಯಾಗಿ ಬಂದ ಹೊಸತರಲ್ಲಿ, ನಾನು ನೆಲ ಒರೆಸುವ ಹೊತ್ತಿಗೆ ಸರಿಯಾಗಿ ತಾರಸಿ ಹತ್ತಿಬಿಡುತ್ತಿದ್ದಳು. ಕೆಲಸಗಳ್ಳಿ ಎಂದುಕೊಂಡಿದ್ದೆ, ಬಾಯಿಬಿಟ್ಟು ಆಡಲಿಲ್ಲ, ಅಷ್ಟೇ. ಒಂದು ಹಬ್ಬದ ಹಿಂದಿನ ದಿನ ಬಕೆಟ್ಟಿಗೆ ಎರಡು ಮುಚ್ಚಳ ಫಿನಾಯಿಲ್ ಹೆಚ್ಚಿಗೇ ಸುರಿದೆ. ಅವಳಿಗೆ ಉಸಿರು ಬಿಗಿದು, ತಲೆ ಸಿಡಿದು, ಸಂಜೆಯವರೆಗೆ ಏಳಲಾಗಲಿಲ್ಲ.

ಅವಳು ತಾರಸಿ ಹತ್ತುತ್ತಿದ್ದುದು ಆ ವಾಸನೆ ತಾಳಲಾರದೆ. ರಾಸಾಯನಿಕಗಳ ವಾಸನೆ ತುಸುವೂ ಒಗ್ಗದ ಈ ತೊಂದರೆಗೆ ಇಂಗ್ಲಿಷಿನಲ್ಲಿ ‘ಮಲ್ಟಿಪಲ್ ಕೆಮಿಕಲ್ ಸೆನ್ಸಿಟಿವಿಟಿ’ ಎನ್ನುತ್ತಾರೆ. ಇದು ಇರುವವರ ರಕ್ತ ಪರೀಕ್ಷೆಯಲ್ಲಿ ಎಷ್ಟೋ ಸಲ ಏನೂ ಕಾಣುವುದಿಲ್ಲ. ಅಮೆರಿಕದ ವೈದ್ಯ ಮಾರ್ಕ್ ಕಲೆನ್ 1987ರಲ್ಲಿ ಇದರ ಲಕ್ಷಣಗಳನ್ನು ವಿವರಿಸಿದರು. ಕಾರಣ ಮೈಯಲ್ಲಿದೆಯೋ ಮನಸ್ಸಿನಲ್ಲಿದೆಯೋ ಎಂಬ ವೈದ್ಯರ ವಾದ ಇನ್ನೂ ಮುಗಿದಿಲ್ಲ. ಅದು ಮುಗಿಯುವವರೆಗೆ ಮನೆಯವರು ಕಾಯುತ್ತಾ ಕೂರಲಾದೀತೇ? ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಹದಿನೈದು ದಿನ ಬರೆದಿಟ್ಟೆ: ಯಾವ ಹೊತ್ತಿಗೆ ಏನು ಬಳಸಿದೆವು, ಅವಳಿಗೆ ಯಾವಾಗ ತಲೆನೋವು ಬಂತು. ಫಿನಾಯಿಲ್, ಸೊಳ್ಳೆಬತ್ತಿ, ಬಟ್ಟೆಗೆ ಹಾಕುವ ಪರಿಮಳದ ದ್ರವ, ಈ ಮೂರೇ ಕಳ್ಳರು ಸಿಕ್ಕಿಬಿದ್ದರು. ಉಬ್ಬಸವಿದ್ದವರು ಮಾತ್ರ ಪುಸ್ತಕ ನಂಬಿ ಕೂರದೆ ವೈದ್ಯರಲ್ಲಿಗೆ ಹೋಗಬೇಕು.

ನೆಲಕ್ಕೆ ಈಗ ನೀರು, ನಾಲ್ಕು ಹನಿ ವಾಸನೆಯಿಲ್ಲದ ಸೋಪಿನ ದ್ರವ. ಬಚ್ಚಲಿಗೆ ಅಡುಗೆ ಸೋಡಾ ಉದುರಿಸಿ ತೆಂಗಿನ ನಾರಿನಲ್ಲಿ ಉಜ್ಜುತ್ತೇನೆ, ಹಿತ್ತಾಳೆಗೆ ಹುಣಸೆಹಣ್ಣು. ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ: ಬ್ಲೀಚಿಂಗ್ ಪೌಡರ್ ಹಾಕಿದ ಕಡೆ ಆ್ಯಸಿಡ್ ಇರುವ ಕಕ್ಕಸು ತೊಳೆಯುವ ದ್ರವವನ್ನು ಸುರಿಯಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಲ್ಲಿನಂಥ ಆಳನ್ನೂ ಅದು ಕೆಡವುತ್ತದೆ. ಜೋಡಿ ಹಾಕಿದರೆ ಕೊಳೆ ಬೇಗ ಹೋಗುತ್ತದೆ ಎಂಬ ಹುಚ್ಚು ನನಗೂ ಒಂದು ಕಾಲದಲ್ಲಿತ್ತು.

ಮುಚ್ಚಿದ ಕೋಣೆಯಲ್ಲಿ ಉರಿಯುವ ಒಂದು ಸೊಳ್ಳೆಬತ್ತಿ 75ರಿಂದ 137 ಸಿಗರೇಟು ಸುಟ್ಟಷ್ಟು ಸೂಕ್ಷ್ಮ ಕಣಗಳನ್ನು ಉಗುಳುತ್ತದೆ ಎಂದು 2003ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ಮನೆಯಲ್ಲಿ ಬೀಡಿ ಸೇದಬೇಡಿ ಎಂದು ಯಜಮಾನರನ್ನು ಹೊರಗಟ್ಟಿದವಳು ನಾನು! ಕಿಟಕಿಗೆ ಜಾಲರಿ ಹಾಕಿಸಿ, ಮುಸ್ಸಂಜೆಗೆ ಮೊದಲೇ ಬಾಗಿಲು ಮುಚ್ಚಿ, ಪರದೆ ಕಟ್ಟಿಕೊಂಡು ಮಲಗುವುದು ಹಳೆಯ ಕ್ರಮವೇ. ಊದುಬತ್ತಿ ಬಿಡಲು ಮನಸ್ಸಾಗಲಿಲ್ಲ, ಅದಕ್ಕೆ ತುಳಸಿ ಕಟ್ಟೆಯ ಮುಂದೆ ಜಾಗ ಮಾಡಿದೆ.

ರೇಷ್ಮೆ ಸೀರೆಗಳ ನಡುವಿನ ನುಸಿಗುಳಿಗೆಗಳನ್ನೂ ತೆಗೆದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಹಸುಗೂಸಿಗೆ ಇಂಥ ಎಷ್ಟೋ ಗುಳಿಗೆಗಳಲ್ಲಿರುವ ನ್ಯಾಫ್ತಲೀನ್ ತಾಗಿದರೆ ರಕ್ತಕಣ ಒಡೆದು ಕಾಮಾಲೆ ಏರಬಹುದು. ಆದ್ದರಿಂದ ಮಗುವಿನ ಬಟ್ಟೆ ಅದರ ಹತ್ತಿರ ಸುಳಿಯಕೂಡದು. ಸೀರೆಯನ್ನು ನೆರಳಲ್ಲಿ ಗಾಳಿಗೆ ಹರಡಿ, ಮಡಿಕೆ ಬದಲಿಸಿ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಹಾಗೆಂದು ಗಿಡಮೂಲಿಕೆಯೆಲ್ಲ ಸಾಧು ಎಂದುಕೊಳ್ಳಬೇಡಿ. ಸೀಗೆಪುಡಿ ಹಾರಿದರೆ ಸೊಸೆ ಹದಿನಾರು ಸಲ ಸೀನುತ್ತಾಳೆ.

ಮನೆ ಸರಿಹೋಯಿತು, ಲಿಫ್ಟ್ ಉಳಿಯಿತು. ಅಲ್ಲಿ ನಿಮಿಷಕ್ಕೊಮ್ಮೆ ಮಲ್ಲಿಗೆ ಸಿಂಪಡಿಸುವ ಡಬ್ಬಿಯೊಂದನ್ನು ತೂಗುಹಾಕಿದ್ದರು. ಮದುವೆ ಛತ್ರ, ಟ್ಯಾಕ್ಸಿ, ಕಚೇರಿ, ಎಲ್ಲಿ ನೋಡಿದರೂ ಇದೇ ಕಾಟ. ಇದನ್ನು ತಾಳಲಾಗದವರು ಕೆಲಸವನ್ನೇ ಬಿಡಬೇಕಾದೀತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2009ರಲ್ಲೇ ತನ್ನ ಕಚೇರಿಗಳೊಳಗೆ ಸುಗಂಧದ ವಸ್ತುಗಳಿಗೆ ಕಡಿವಾಣ ಹಾಕಿತು. ನಾನು ಇದನ್ನು ನಮ್ಮ ಸಂಘದ ಕಾರ್ಯದರ್ಶಿಗೆ ಹೇಳಿದಾಗ, "ಅಜ್ಜಿ, ಪರಿಮಳಕ್ಕೂ ತಕರಾರೇ?" ಎಂದು ನಕ್ಕರು. ಮರುವಾರ ನಾಲ್ಕನೆಯ ಮಹಡಿಯ ಇಬ್ಬರು, ತಮಗೂ ಅದರಿಂದ ಕೆಮ್ಮು ಎಂದು ಬಂದು ಹೇಳಿದರು. ಈಗ ಡಬ್ಬಿ ಇಲ್ಲ, ಲಿಫ್ಟಿನ ಫ್ಯಾನ್ ರಿಪೇರಿಯಾಗಿದೆ.