ಲೈನ್ ಮನೆ ಮಕ್ಕಳ ಅಳತೆ: ನಾನು ಮಾಡುವ ಬಗೆ

ಮೂಡಿಗೆರೆ, ಸಕಲೇಶಪುರ ಕಡೆ ಅರೇಬಿಕಾ ಕಾಫಿ ಕುಯ್ಲು ಶುರುವಾದರೆ ಲೈನ್ ಮನೆಗಳು, ಅಂದರೆ ತೋಟದ ಕೂಲಿಗಾರರ ಸಾಲುಮನೆಗಳು, ತುಂಬುತ್ತವೆ. ಹೊರಗಿನಿಂದ ಬಂದ ಎಷ್ಟೋ ಮಕ್ಕಳ ಹತ್ತಿರ ಲಸಿಕೆ, ತೂಕ ಬರೆದಿಡುವ ತಾಯಿ ಕಾರ್ಡ್ ಇರುವುದಿಲ್ಲ. ಅಂಗನವಾಡಿಯಲ್ಲಿ ಮಗುವಿಗೆ ದಿನಕ್ಕೆ 500 ಕ್ಯಾಲರಿ ಆಹಾರವೋ, ತೀವ್ರ ಅಪೌಷ್ಟಿಕತೆಗೆಂದು ಇರುವ 800 ಕ್ಯಾಲರಿಯೋ ಎಂದು ತೀರ್ಮಾನವಾಗುವುದು ಅಳತೆಯ ಮೇಲೆ. ಅಳತೆ ತಪ್ಪಿದರೆ ಯೋಜನೆ ಎಷ್ಟು ಚೆನ್ನಾಗಿದ್ದೂ ಆ ಮಗುವಿಗೆ ತಲುಪುವುದಿಲ್ಲ.

ಮೊದಲು ತಕ್ಕಡಿ. ಗಟ್ಟಿ ನೆಲದ ಮೇಲಿಟ್ಟು, ಸೊನ್ನೆಗೆ ತಂದು, ಅಂಗಡಿಯಿಂದ ತಂದ 5 ಕೆಜಿ ಕಲ್ಲಿಟ್ಟು ನೋಡುತ್ತೇನೆ. ಜಮಖಾನದ ಮೇಲಿಟ್ಟರೆ ಅಂಕಿಯನ್ನು ನೆಚ್ಚುವಂತಿಲ್ಲ. ನಮ್ಮ ಮಲೆನಾಡಿನ ಮುಖ್ಯ ತೊಂದರೆ ಸ್ವೆಟರ್. ಮಳೆಗಾಲದಲ್ಲಿ ಅರೆಬರೆ ಒಣಗಿದ ಸ್ವೆಟರ್, ಟೊಪ್ಪಿ, ಕಾಲುಚೈನು ಸೇರಿ ತೂಕ ಏರಿಬಿಡುತ್ತದೆ. ಚಳಿಗೆ ಬಟ್ಟೆ ಬಿಚ್ಚಿಸಲು ಆಗದಿದ್ದರೆ ಅಂಥದ್ದೇ ಬಟ್ಟೆಯನ್ನು ಬೇರೆ ತೂಗಿ ಕಳೆಯುತ್ತೇನೆ.

ಹೆಚ್ಚು ಎಡವುವುದು ಎತ್ತರದಲ್ಲಿ. ಎರಡು ವರ್ಷದೊಳಗಿನವರನ್ನು ಮಲಗಿಸಿ, ಮೇಲ್ಪಟ್ಟವರನ್ನು ನಿಲ್ಲಿಸಿ ಅಳೆಯಬೇಕು. ಚಿಕ್ಕ ಮಗುವನ್ನು ನಿಲ್ಲಿಸಿ ಅಳೆದಿದ್ದರೆ 0.7 ಸೆಂ.ಮೀ. ಕೂಡಿಸಬೇಕು, ದೊಡ್ಡದನ್ನು ಮಲಗಿಸಿದ್ದರೆ ಅಷ್ಟೇ ಕಳೆಯಬೇಕು. ಮಲಗಿಸಿದಾಗ ಇಬ್ಬರು ಬೇಕೇ ಬೇಕು: ಸಹಾಯಕಿ ಹಲಗೆಗೆ ನೆತ್ತಿ ತಾಗುವಂತೆ ತಲೆ ಹಿಡಿಯುತ್ತಾಳೆ, ನಾನು ಮಂಡಿ ಒತ್ತಿ ಪಾದದ ಹಲಗೆ ತರುತ್ತೇನೆ. ಒಬ್ಬರೇ ಮಾಡಿದರೆ ಮಂಡಿ ಮಡಚಿಕೊಂಡು ಉದ್ದ ಕಡಿಮೆ ಬರುತ್ತದೆ. ಆಗ ಒಂದೇ ತಪ್ಪಿಗೆ ಎರಡು ಫಲ: ಎತ್ತರಕ್ಕೆ ತಕ್ಕ ತೂಕದಲ್ಲಿ ಮಗು ದುಂಡಗೆ ಕಂಡು ಸೊರಗಿದ್ದು ಮುಚ್ಚಿಹೋಗುತ್ತದೆ, ವಯಸ್ಸಿಗೆ ತಕ್ಕ ಎತ್ತರದಲ್ಲಿ ಅದೇ ಮಗು ಗಿಡ್ಡ ಎನಿಸುತ್ತದೆ. ಚಪ್ಪಲಿ ಹಾಕಿಸಿಯೋ ಜುಟ್ಟಿನ ಮೇಲೋ ಅಳೆದರೆ ಇದಕ್ಕೆ ತಿರುಗುಮುರುಗು.

ತೋಳಿನ ಪಟ್ಟಿ ಸುಲಭ ಅನ್ನಿಸುತ್ತದೆ, ಹಾಗಾಗಿಯೇ ಉದಾಸೀನ. ಎಡಗೈ ಮಡಚಿಸಿ ಭುಜದ ತುದಿಗೂ ಮೊಣಕೈಗೂ ನಡುವೆ ಪೆನ್ನಿನ ಗುರುತು ಹಾಕಿ, ಕೈ ಇಳಿಬಿಡಿಸಿ ಸುತ್ತಬೇಕು. ಚರ್ಮ ಮಡಿಕೆ ಬಿದ್ದರೆ ಬಿಗಿ, ಬೆಳಕು ಹಾಯ್ದರೆ ಸಡಿಲ. 11.5 ಸೆಂ.ಮೀ.ಗಿಂತ ಕಡಿಮೆ ಎಂದರೆ ತೀವ್ರ, ಅಲ್ಲಿಂದ 12.5ರ ಒಳಗೆ ಮಧ್ಯಮ. ಈ ಅಳತೆ 6ರಿಂದ 59 ತಿಂಗಳವರಿಗೆ. ಎರಡೂ ಪಾದ ಒತ್ತಿ ಮೂರು ಎಣಿಸಿ ಬಿಟ್ಟಾಗ ಗುಳಿ ನಿಂತರೆ ತೂಕ ಎಷ್ಟೇ ಇರಲಿ, ಅದು ತೀವ್ರವೇ. ಬಾವಿನ ನೀರೂ ತೂಕದಲ್ಲಿ ಸೇರಿರುತ್ತದಲ್ಲ.

ಹುಟ್ಟಿದ ತಾರೀಖು ತಿಳಿಯದಿದ್ದರೆ ಹಬ್ಬ ಹಿಡಿದು ಕೇಳುತ್ತೇನೆ. ಉತ್ತರ ಕರ್ನಾಟಕದವರಿಗೆ, "ಕಾರಹುಣ್ಣಿಮೆಗೆ ಮಗು ಕೂತಿತ್ತೇನವ್ವಾ, ಇನ್ನೂ ಬೋರಲು ಬೀಳ್ತಿತ್ತಾ?" ತೋಟದಲ್ಲೇ ಇದ್ದವರಿಗೆ ಕಾಫಿ ಹೂಮಳೆಯ, ಅಂದರೆ ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಮಳೆಯ, ಲೆಕ್ಕ. ಸುಮ್ಮನೆ ಜನವರಿ 1 ಎಂದು ತುಂಬುವುದು ಬೇಡ, ವಯಸ್ಸಿನ ಲೆಕ್ಕವೆಲ್ಲ ಕೆಡುತ್ತದೆ.

ಕಾರ್ಯಕರ್ತೆಯರ ಪುಸ್ತಕ ತಪಾಸಣೆಗೆ ನನ್ನದೊಂದು ಉಪಾಯವಿದೆ. ಹತ್ತು ಅಂಕಿಗಳಲ್ಲಿ 0, 5 ಎರಡೇ ಆದ್ದರಿಂದ, 30 ತೂಕಗಳಲ್ಲಿ ಕೊನೆಯ ಅಂಕಿ ಇವೆರಡರಲ್ಲೊಂದು ಆಗಿರುವುದು ಆರರ ಆಸುಪಾಸು ಇರಬೇಕು. ಇಪ್ಪತ್ತಿದ್ದರೆ ಕಣ್ಣಂದಾಜು. ಕಳೆದ ತಿಂಗಳಿಗಿಂತ ಎತ್ತರ ಇಳಿದಿದ್ದರೂ ಮತ್ತೆ ಅಳೆಯಬೇಕು. ಆದರೆ ಬೈದು ಪ್ರಯೋಜನವಿಲ್ಲ. ತೀವ್ರ ಅಪೌಷ್ಟಿಕ ಮಗು ಸಿಕ್ಕ ಕೇಂದ್ರಕ್ಕೇ ನೋಟಿಸು ಹೋಗುವುದಾದರೆ ಯಾವ ಟೀಚರ್ ನಿಜ ಬರೆದಾಳು?

ಅಂಥ ಮಗುವಿಗೆ ಬಾವು, ಜ್ವರ, ಭೇದಿ ಇದ್ದರೆ, ಊಟ ಬಿಟ್ಟಿದ್ದರೆ ಎನ್‌ಆರ್‌ಸಿಗೆ (ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರ) ಕಳಿಸಬೇಕು. ಸಾಮಾನ್ಯವಾಗಿ 14 ದಿನ. ಕುಯ್ಲಿನಲ್ಲಿ ಕೂಲಿ ಕೆಜಿ ಲೆಕ್ಕ, ಹಾಗಾಗಿ ತಾಯಿ ಒಪ್ಪುವುದು ಕಷ್ಟ. ಅವಳೊಬ್ಬಳನ್ನು ಒತ್ತಾಯಿಸುವ ಬದಲು ಸಂಜೆ ಹಣ್ಣು ತೂಗುವ ಹೊತ್ತಿಗೆ ಹೋಗಿ ಗಂಡ, ಅತ್ತೆ, ತೋಟದ ಲೆಕ್ಕ ಬರೆಯುವ ರೈಟರು ಮೂವರೂ ಇರುವಾಗ ಮಾತಾಡುತ್ತೇನೆ. ಮನೆಯಲ್ಲಿ ಉಳಿಯುವ ಇನ್ನೊಂದು ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು ಅಲ್ಲೇ ತೀರ್ಮಾನವಾಗಬೇಕು.

ಕುಯ್ಲು ಮುಗಿಸಿ ಹೊರಡುವಾಗ ಅಂಗನವಾಡಿಯ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಗುವಿನ ವರ್ಗಾವಣೆ ಮಾಡುವುದರ ಜೊತೆಗೆ ಒಂದು ಚೀಟಿಯನ್ನೂ ಕೊಡುತ್ತೇನೆ: ಅಳೆದ ದಿನ, ತೂಕ, ಎತ್ತರ, ತೋಳಿನ ಸುತ್ತಳತೆ, ಮಲಗಿಸಿ ಅಳೆದದ್ದೋ ನಿಲ್ಲಿಸಿಯೋ. ಪ್ಲಾಸ್ಟಿಕ್ ಕವರಿಗೆ ಹಾಕಿ ಆಧಾರ್ ಜೊತೆಗೇ ಇಡಿಸುತ್ತೇನೆ, ಬಟ್ಟೆ ಗಂಟಿನಲ್ಲಿ ಹಾಕಿದರೆ ಒಗೆಯುವಾಗ ಹೋಗಿಬಿಡುತ್ತದೆ.