ಮೂರು ಸಂಜೆ ಬರೀ ಮಾತು, ಆಮೇಲೆ ಕೋಡ್

ನಮ್ಮೂರು ಸಾಗರದ ಹತ್ತಿರ. ಅಲ್ಲೊಂದು ಸಣ್ಣ ವಾಚನಾಲಯ ಇದೆ. 3,000 ಪುಸ್ತಕ ಇರಬಹುದು. ಲೆಕ್ಕವೆಲ್ಲ ಉದ್ದನೆಯ ರಿಜಿಸ್ಟರ್‌ನಲ್ಲಿ. ಅದನ್ನು ನೋಡಿಕೊಳ್ಳುವ ಅಕ್ಕ ಒಮ್ಮೆ, "ಯಾವ ಪುಸ್ತಕ ಯಾರ ಮನೇಲಿದೆ ಅಂತ ಹುಡುಕೋದೇ ದೊಡ್ಡ ಕೆಲಸ ಆಗಿದೆ, ಏನಾದ್ರೂ ಮಾಡಿಕೊಡು" ಎಂದರು.

ಮೊದಲ ಸಲ ಎಐ ಕೋಡಿಂಗ್ ಸಹಾಯಕಕ್ಕೆ ಒಂದೇ ಸಾಲು ಬರೆದೆ: ಲೈಬ್ರರಿ ಆ್ಯಪ್ ಮಾಡು. ಎರಡು ಸಂಜೆಯಲ್ಲಿ ಎಲ್ಲ ಸಿದ್ಧ. ಲಾಗಿನ್, ದಂಡದ ಲೆಕ್ಕ, ಬಣ್ಣಬಣ್ಣದ ಗ್ರಾಫ್. ಅಕ್ಕ ಒಂದು ವಾರ ಬಳಸಿ ಮತ್ತೆ ರಿಜಿಸ್ಟರ್ ತೆಗೆದರು. ಅವರು ಏನೂ ಅನ್ನಲಿಲ್ಲ, ಆದರೆ ನನಗೆ ಬೇಜಾರಾಯಿತು.

ಎರಡನೇ ಸಲ ಶುರುವಿನಲ್ಲೇ ಹೇಳಿದೆ: "ಕೋಡ್ ಬರೆಯಬೇಡ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳು. ನಾನು ಉತ್ತರ ಕೊಟ್ಟ ಮೇಲೆ ಮುಂದಿನದು." ಕೋಡ್ ಬರೆಯದೆ ಬರೀ ಯೋಜನೆ ಮಾಡುವ ಪ್ಲಾನ್ ಮೋಡ್ ಇದ್ದರೆ ಅದನ್ನೇ ಬಳಸಬಹುದು. ಒಂದೊಂದೇ ಪ್ರಶ್ನೆ ಅನ್ನುವುದು ಮುಖ್ಯ. ಹತ್ತು ಪ್ರಶ್ನೆ ಒಟ್ಟಿಗೆ ಬಂದರೆ ನಾವು ಸುಮ್ನೆ ಹೌದು, ಹೌದು ಎಂದು ಮುಗಿಸಿಬಿಡುತ್ತೇವೆ ಅಲ್ವಾ?

ಮೊದಲ ಪ್ರಶ್ನೆಗಳು ಸುಲಭದವು. ಎಷ್ಟು ಜನ ಬಳಸುತ್ತಾರೆ? ನೆಟ್ ಇರುತ್ತದಾ? ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ಇರುವುದಿಲ್ಲ, ನೆಟ್ಟೂ ಇರುವುದಿಲ್ಲ ಎಂದೆ. ಐದನೆಯದೋ ಆರನೆಯದೋ ಪ್ರಶ್ನೆಗೆ ನಿಂತುಬಿಟ್ಟೆ. "ಪುಸ್ತಕ ವಾಪಸ್ ಬರದಿದ್ದರೆ ಅವರು ಈಗ ಏನು ಮಾಡುತ್ತಾರೆ?" ನನಗೆ ಗೊತ್ತಿರಲಿಲ್ಲ. ಅಕ್ಕನಿಗೆ ಫೋನ್ ಮಾಡಿದೆ. "ದಂಡ ಎಲ್ಲಿ ಹಾಕೋದು? ಆ ಕಡೆ ಹೋದಾಗ ಮನೆಗೇ ಹೋಗಿ ಕೇಳ್ತೀನಿ" ಎಂದರು. ಅಂದರೆ ಅವರಿಗೆ ಬೇಕಿದ್ದದ್ದು ತಾರೀಕಿನ ಪಟ್ಟಿಯಲ್ಲ. ಕೇರಿವಾರು ಪಟ್ಟಿ. ಇವತ್ತು ಈ ಕೇರಿಗೆ ಹೋಗುತ್ತಿದ್ದೇನೆ, ಅಲ್ಲಿ ಯಾರ್ಯಾರ ಹತ್ತಿರ ಪುಸ್ತಕ ಇದೆ? ಇಡೀ ವಿನ್ಯಾಸ ಅಲ್ಲಿ ತಿರುಗಿತು. ದಂಡದ ಲೆಕ್ಕ ಹೋಯಿತು. ಒಬ್ಬರೇ ಬಳಸುವುದರಿಂದ ಲಾಗಿನ್ನೂ ಹೋಯಿತು.

ಎರಡನೇ ಸಂಜೆ, ಇದನ್ನು ಮಾಡಲು ಮೂರು ದಾರಿ ಹೇಳು ಎಂದು ಸಹಾಯಕವನ್ನು ಕೇಳಿದೆ. ಸರ್ವರ್ ಮೇಲಿನ ವೆಬ್‌ಸೈಟ್, ಬರೀ ಸ್ಪ್ರೆಡ್‌ಶೀಟ್, ಲ್ಯಾಪ್‌ಟಾಪ್‌ನಲ್ಲೇ ಎಸ್‌ಕ್ಯೂಲೈಟ್ ಎಂಬ ಸಣ್ಣ ಡೇಟಾಬೇಸ್. ನಾನು ಯಾವ ಕಡೆ ವಾಲುತ್ತಿದ್ದೇನೆ ಎಂದು ಹೇಳಲಿಲ್ಲ. ಹೇಳಿದರೆ ಅದು ಬೇಗ ಒಪ್ಪಿಬಿಡುತ್ತದೆ. ಬದಲಿಗೆ, ಪ್ರತಿ ದಾರಿಯೂ ಒಂದು ವರ್ಷದ ನಂತರ ಹೇಗೆ ಕೆಡುತ್ತದೆ ಹೇಳು ಎಂದೆ. ಸರ್ವರ್‌ನ ಬಾಡಿಗೆ ಕಟ್ಟುವವರು ಯಾರು ಎಂಬ ಮಾತು ಬಂದಾಗ ಅದನ್ನು ಕೈಬಿಟ್ಟೆ. ಎಸ್‌ಕ್ಯೂಲೈಟ್‌ನಲ್ಲಿ ಇಡೀ ಡೇಟಾಬೇಸ್ ಒಂದೇ ಫೈಲು. ಪೆನ್‌ಡ್ರೈವ್‌ಗೆ ಹಾಕಿದರೆ ಬ್ಯಾಕಪ್ ಆಯಿತು.

ಹುಡುಕಾಟದ ವಿಷಯದಲ್ಲಿ ಮಾತ್ರ ಸಹಾಯಕದ ಮಾತನ್ನು ನಂಬಿ ಮುಂದೆ ಹೋಗಲಿಲ್ಲ. ಎಸ್‌ಕ್ಯೂಲೈಟ್‌ನಲ್ಲಿ ಪದ ಹುಡುಕುವ ಭಾಗವಾದ ಎಫ್‌ಟಿಎಸ್5 ಕನ್ನಡಕ್ಕೂ ಸಾಕು ಎಂದಿತ್ತು. ಹತ್ತು ಪದ ಹಾಕಿ ತೋರಿಸು ಎಂದೆ. "ಮರ" ಎಂದು ಹುಡುಕಿದರೆ "ಮರಿ"ಯೂ ಬಂತು, "ಮರು"ವೂ ಬಂತು! ಕಾರಣ ಹೀಗಿದೆ. ಪಠ್ಯವನ್ನು ಪದಗಳಾಗಿ ಒಡೆಯುವ ಅದರ ಮಾಮೂಲಿ ಟೋಕನೈಜರ್ ಅಕ್ಷರ, ಅಂಕಿಗಳನ್ನಷ್ಟೇ ಪದದ ಭಾಗ ಎಂದುಕೊಳ್ಳುತ್ತದೆ. ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ನಮ್ಮ ಗುಣಿತದ ಚಿಹ್ನೆಗಳನ್ನು "ಮಾರ್ಕ್" ಎಂಬ ಬೇರೆ ಗುಂಪಿನಲ್ಲಿ ಇಟ್ಟಿದೆ. ಹಾಗಾಗಿ ಚಿಹ್ನೆ ಬಂದ ಕಡೆ ಪದ ತುಂಡಾಗುತ್ತದೆ, "ಮರಿ"ಯಲ್ಲಿ "ಮರ" ಮಾತ್ರ ಉಳಿಯುತ್ತದೆ. ಟೋಕನೈಜರ್‌ನ ಕೆಟಗರೀಸ್ ಎಂಬ ಆಯ್ಕೆಯಲ್ಲಿ ಈ ಚಿಹ್ನೆಗಳಿರುವ ಎಂಎನ್, ಎಂಸಿ ಗುಂಪುಗಳನ್ನು ಸೇರಿಸಿದರೆ ಸರಿಹೋಗುತ್ತದೆ. ಕನ್ನಡದಲ್ಲಿ ಸಾಫ್ಟ್‌ವೇರ್ ಮಾಡುವವರು ದಯವಿಟ್ಟು ಇದನ್ನು ಮೊದಲೇ ಪರೀಕ್ಷಿಸಿ. ಇಂಗ್ಲಿಷ್ ಪದ ಹಾಕಿ ನೋಡಿದರೆ ಈ ತಪ್ಪು ಕಾಣುವುದೇ ಇಲ್ಲ.

ಅದೇ ಎಳೆ ಹಿಡಿದಾಗ ಇನ್ನೊಂದು ಸಿಕ್ಕಿತು. "ಕೊ" ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಆದ್ದರಿಂದ ಒಳಗೆ ಬರುವ ಎಲ್ಲ ಪಠ್ಯವನ್ನೂ ಎನ್ಎಫ್‌ಸಿ ಎಂಬ ಒಂದೇ ರೂಪಕ್ಕೆ ತರಬೇಕು ಎಂದು ಬರೆದುಕೊಂಡೆವು.

ಮೂರನೇ ಸಂಜೆ ಡೇಟಾಬೇಸ್‌ನ ಕೋಷ್ಟಕಗಳ ಬಗ್ಗೆ ಮಾತು. ಲೇಖಕರ ಹೆಸರಿಗೆ ಒಂದೇ ಕಾಲಂ ಸಾಕು ಎಂದಿತು ಸಹಾಯಕ. ಸಾಲದು ಎಂದೆ. ಒಬ್ಬರು ಬೇಂದ್ರೆ ಎನ್ನುತ್ತಾರೆ, ಇನ್ನೊಬ್ಬರು ಅಂಬಿಕಾತನಯದತ್ತ ಎನ್ನುತ್ತಾರೆ. ನಮ್ಮಲ್ಲಿ ಕಾವ್ಯನಾಮ ಇರುವ ಲೇಖಕರು ಬಹಳ. ಹೆಸರುಗಳಿಗೇ ಬೇರೆ ಕೋಷ್ಟಕ ಬಂತು. ಇದು ನಾನು ಹೇಳದಿದ್ದರೆ ಅದಕ್ಕೆ ಹೊಳೆಯುತ್ತಿರಲಿಲ್ಲ. ಕೇರಿಯ ವಿಷಯ ಅದು ಕೇಳದಿದ್ದರೆ ನನಗೆ ಹೊಳೆಯುತ್ತಿರಲಿಲ್ಲ.

ಕೊನೆಗೆ ಎಲ್ಲವನ್ನೂ ಎರಡು ಪುಟದ ಕಡತವಾಗಿ ಬರೆಸಿದೆ. "ಇವನ್ನು ಮಾಡುವುದಿಲ್ಲ" ಎಂಬ ಭಾಗವೇ ಅದರಲ್ಲಿ ಜಾಸ್ತಿ ಉದ್ದ. ಹೊಸ ಮಾತುಕತೆ ತೆರೆದು ಆ ಕಡತವನ್ನಷ್ಟೇ ಕೊಟ್ಟು ಕೋಡ್ ಬರೆಯಲು ಹೇಳಿದೆ.

ಅಕ್ಕ ಈಗ ಬೆಳಿಗ್ಗೆ ಹೊರಡುವ ಮುಂಚೆ ಕೇರಿಯ ಪಟ್ಟಿಯನ್ನು ಚೀಟಿಗೆ ಬರೆದುಕೊಂಡು ಹೋಗುತ್ತಾರೆ. ಪಟ್ಟಿ ಪ್ರಿಂಟ್ ಆಗಬೇಕಾ ಎಂದು ಕೇಳಿದೆ. ಬೇಡ, ಬರೆದರೆ ನೆನಪಿರುತ್ತದೆ ಎಂದರು. ಕಡತದ "ಇವನ್ನು ಮಾಡುವುದಿಲ್ಲ" ಭಾಗಕ್ಕೆ ಅದನ್ನೂ ಸೇರಿಸಿದ್ದೇನೆ.