ಕ್ಯಾಂಪಿನವರೇ, ಪೌರತ್ವದ ಅರ್ಜಿ ಹಾಕುವ ಮೊದಲು ಹುಟ್ಟಿದ ತಾರೀಖು ನೋಡಿ

ಸಿಂಧನೂರಿನಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳಿಂದ, ಅಂದರೆ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳಿಂದ ಬರುವ ಬಂಗಾಲಿ ಮಂದಿ ನನಗೆ ಹಳೇ ಪರಿಚಯ. ಪೂರ್ವ ಪಾಕಿಸ್ತಾನದಿಂದ, ಅಂದರೆ ಆಮೇಲೆ ಬಾಂಗ್ಲಾದೇಶ ಆದ ನಾಡಿನಿಂದ ಬಂದ ಕುಟುಂಬಗಳನ್ನು ಸರ್ಕಾರವೇ ಇಲ್ಲಿಗೆ ತಂದು ಭೂಮಿ ಕೊಟ್ಟು ಕೂರಿಸಿತ್ತು. ತುಂಗಭದ್ರಾ ಎಡದಂಡೆ ನಾಲೆಯ ನೀರಿನಲ್ಲಿ ಅವರೂ ನಮ್ಮ ಹಾಗೆ ಭತ್ತ ಬೆಳೆದರು. ಅವರ ಮಕ್ಕಳು ನಮ್ಮ ಮಕ್ಕಳ ಜೊತೆ ಕನ್ನಡ ಶಾಲೆಗೆ ಹೋದರು. ಆದರೂ ಇವತ್ತಿಗೂ ಕಾಗದ ಕೇಳಿದ ತಕ್ಷಣ ಅವರ ಮುಖ ಬಾಡುತ್ತದೆ.

2024ರ ಮಾರ್ಚ್ 11ರಂದು ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು ಹೊರಬಂದವು. ಬಾಂಗ್ಲಾದೇಶದಂಥ ಮೂರು ದೇಶಗಳಿಂದ ಬಂದ ಕೆಲವು ಧರ್ಮದವರಿಗೆ ಪೌರತ್ವದ ದಾರಿ ಮಾಡುವ ಕಾಯ್ದೆ ಅದು. ಅಲ್ಲಿಂದ ಅರ್ಜಿ ತುಂಬಿಸಲು ಬರುವವರು ಜಾಸ್ತಿ ಆದರು. ಒಂದು ಮನೆಯವರು ಬೇರೆ ಕಡೆ ತುಂಬಿಸಿದ್ದ ಅರ್ಜಿಯನ್ನು ನನ್ನ ಹತ್ತಿರ ಪ್ರಿಂಟ್ ತೆಗೆಸಲು ತಂದರು. ನೋಡಿದರೆ ಇದೇ ಕ್ಯಾಂಪಿನಲ್ಲಿ 1980ರಲ್ಲಿ ಹುಟ್ಟಿದ ಮಗನನ್ನೂ ಅಪ್ಪನ ಜೊತೆ ಸೇರಿಸಿ 'ಬಾಂಗ್ಲಾದೇಶದಲ್ಲಿ ಹುಟ್ಟಿದವನು' ಎಂದು ಬರೆದಿದ್ದರು! ಪುಣ್ಯಕ್ಕೆ ಇನ್ನೂ ಸಲ್ಲಿಸಿರಲಿಲ್ಲ. ಆವತ್ತೇ ಇದನ್ನು ಬರೆಯಬೇಕು ಅನ್ನಿಸಿತು.

ಈ ಅರ್ಜಿ ಹಾಕುವುದು ಅಂದರೆ 'ನಾನು ಹೊರದೇಶದಿಂದ ಬಂದವನು' ಎಂದು ಸಹಿ ಮಾಡಿಕೊಟ್ಟ ಹಾಗೆ. ಹೊರಗಿನಿಂದ ಬಂದವರಿಗೆ ಅದು ದಾರಿ. ಆಗಲೇ ಭಾರತದ ಪ್ರಜೆ ಆಗಿರುವವರು ಯಾಕೆ ಹಾಗೆ ಬರೆದುಕೊಡಬೇಕು? ಆದ್ದರಿಂದ ಮೊದಲು ಮನೆಯಲ್ಲಿ ಎಲ್ಲರೂ ಕೂತು, ಒಂದು ಹಾಳೆಯಲ್ಲಿ ಪ್ರತಿಯೊಬ್ಬರ ಹೆಸರು, ಹುಟ್ಟಿದ ಊರು, ಹುಟ್ಟಿದ ತಾರೀಖು ಬರೆಯಿರಿ.

1955ರ ಪೌರತ್ವ ಕಾಯ್ದೆಯ ಮೂರನೇ ಕಲಂ ಹೀಗೆ ಹೇಳುತ್ತದೆ. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲಿನವರೆಗೆ ಭಾರತದ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ಅಪ್ಪ ಅಮ್ಮ ಎಲ್ಲಿಂದ ಬಂದರು ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. 1987ರ ಜುಲೈ 1ರಿಂದ 2004ರ ಡಿಸೆಂಬರ್ 3ರ ಮೊದಲಿನವರೆಗೆ ಹುಟ್ಟಿದ್ದರೆ ಅಪ್ಪ ಅಮ್ಮರಲ್ಲಿ ಒಬ್ಬರಾದರೂ ಪ್ರಜೆ ಆಗಿರಬೇಕು. ಅದರ ನಂತರ ಹುಟ್ಟಿದವರಿಗೆ ಬಿಗಿ ಜಾಸ್ತಿ: ಇಬ್ಬರೂ ಪ್ರಜೆಗಳಾಗಿರಬೇಕು, ಅಥವಾ ಒಬ್ಬರು ಪ್ರಜೆಯಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರು ಆಗಿರಬಾರದು.

ಈಗ ಹಾಳೆ ನೋಡಿ. ಅಜ್ಜ ಬಾಂಗ್ಲಾದೇಶದ ಖುಲ್ನಾದಲ್ಲಿ ಹುಟ್ಟಿದ್ದು, ಅಪ್ಪ 1979ರಲ್ಲಿ ಕ್ಯಾಂಪಿನಲ್ಲಿ ಹುಟ್ಟಿದ್ದು, ಮಗಳು 2002ರಲ್ಲಿ ಹುಟ್ಟಿದ್ದು ಅಂತಿಟ್ಟುಕೊಳ್ಳಿ. ಅರ್ಜಿಯ ವಿಚಾರ ಇರುವುದು ಅಜ್ಜನಿಗೆ ಮಾತ್ರ. ಅಪ್ಪ ಹುಟ್ಟಿನಿಂದ ಪ್ರಜೆ, ಅವನಿಂದ ಮಗಳೂ ಪ್ರಜೆ. ಅಜ್ಜನಿಗೂ ಹಿಂದೆಯೇ ನೋಂದಣಿ ಪ್ರಮಾಣಪತ್ರ ಸಿಕ್ಕಿರಬಹುದು, ಟ್ರಂಕಿನಲ್ಲಿ ಹುಡುಕಿ. ಹೀಗೆ ಹುಟ್ಟಿನಿಂದಲೇ ಪ್ರಜೆ ಆದವರು ಮಾಡಬೇಕಾದ ಕೆಲಸ ಒಂದೇ, ಹುಟ್ಟಿನ ದಾಖಲೆ ಗಟ್ಟಿ ಮಾಡಿಕೊಳ್ಳುವುದು. ಜನನ ಪ್ರಮಾಣಪತ್ರ ಇಲ್ಲದಿದ್ದರೆ ಓದಿದ ಶಾಲೆಯ ದಾಖಲಾತಿ ಪುಸ್ತಕದ ನಕಲು ತೆಗೆಸಿ, ತಡವಾದ ನೋಂದಣಿಗೆ ತಾಲ್ಲೂಕು ಕಚೇರಿಯಲ್ಲಿ ಕೇಳಿ. ವರ್ಷ ದಾಟಿದ್ದರೆ ಅಧಿಕಾರಿಯ ಆದೇಶ ಬೇಕಾಗುತ್ತದೆ, ಸ್ವಲ್ಪ ಓಡಾಟ ಇದೆ, ಬಿಡಬೇಡಿ. ಆಧಾರ್ ಇದೆಯಲ್ಲ ಅಂತ ಸುಮ್ನೆ ಕೂರಬೇಡಿ. ಆಧಾರ್ ಇಲ್ಲಿ ವಾಸ ಇರುವವರಿಗೆ ಕೊಡುವ ಗುರುತು, ಪೌರತ್ವದ ಪುರಾವೆ ಅಲ್ಲ.

ಹೊರಗೆ ಹುಟ್ಟಿದ ಹಿರಿಯರ ಅರ್ಜಿಗೆ ಎರಡು ವಿಷಯ ತೋರಿಸಬೇಕು. ಮೊದಲನೆಯದು, ಆ ದೇಶದವರು ಅನ್ನುವುದು. ಹಳೇ ಪಾಸ್‌ಪೋರ್ಟ್, ಶಾಲೆಯ ಸರ್ಟಿಫಿಕೇಟ್, ಅಲ್ಲಿನ ಜಮೀನಿನ ಕಾಗದ ಯಾವುದಾದರೂ ನಡೆಯುತ್ತದೆ, ಅವಧಿ ಮುಗಿದಿದ್ದರೂ ಸರಿ. ರಾತ್ರೋರಾತ್ರಿ ಓಡಿ ಬಂದವರು ಇವನ್ನೆಲ್ಲ ಎಲ್ಲಿಂದ ತರಬೇಕು, ಅಲ್ವಾ? ಅದಕ್ಕೇ 2024ರ ಜುಲೈನಲ್ಲಿ ಕೇಂದ್ರ ಗೃಹ ಸಚಿವಾಲಯ ಒಂದು ಸ್ಪಷ್ಟನೆ ಕೊಟ್ಟಿತು. ತಂದೆ ತಾಯಿ, ಅಜ್ಜ ಅಜ್ಜಿ ಆ ದೇಶದವರು ಎಂದು ತೋರಿಸುವ, ಇಲ್ಲಿನ ಕೇಂದ್ರ ಅಥವಾ ರಾಜ್ಯ ಸರ್ಕಾರವೇ ಕೊಟ್ಟ ಕಾಗದವೂ ಸಾಕು. ಹಾಗಾಗಿ ಕ್ಯಾಂಪಿಗೆ ಬಂದಾಗ ಕೊಟ್ಟ ನಿರಾಶ್ರಿತರ ಚೀಟಿ, ಭೂಮಿ ಮಂಜೂರಾತಿಯ ಆದೇಶ ಚಿಂದಿ ಆಗಿದ್ದರೂ ಎಸೆಯಬೇಡಿ. ದಯವಿಟ್ಟು ಲ್ಯಾಮಿನೇಷನ್ ಕೂಡ ಮಾಡಿಸಬೇಡಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು ಸ್ಕ್ಯಾನ್ ಮಾಡಿಸಿ.

ಎರಡನೆಯದು, 2014ರ ಡಿಸೆಂಬರ್ 31ರ ಒಳಗೆ ಭಾರತಕ್ಕೆ ಬಂದಿದ್ದರು ಅನ್ನುವುದು. ಇದು ಸುಲಭ. ಆ ತಾರೀಖಿಗಿಂತ ಮೊದಲಿನ ರೇಷನ್ ಕಾರ್ಡ್, ಪಹಣಿ, ಬ್ಯಾಂಕ್ ಪಾಸ್‌ಬುಕ್, ಕರೆಂಟ್ ಬಿಲ್, ಇಂಥದ್ದರಲ್ಲಿ ಒಂದಿದ್ದರೆ ಸಾಕು.

ಇವುಗಳ ಜೊತೆ ಹೇಳಿದ್ದೆಲ್ಲ ನಿಜ ಅನ್ನುವ ಅಫಿಡವಿಟ್, ಅರ್ಜಿದಾರರ ನಡತೆ ಬಗ್ಗೆ ಒಬ್ಬ ಭಾರತೀಯ ಪ್ರಜೆಯ ಅಫಿಡವಿಟ್ ಬೇಕು. ಕನ್ನಡಿಗ ನೆರೆಯವರೇ, ಈ ಎರಡನೇ ಅಫಿಡವಿಟ್ ನೀವು ಕೊಡಬಹುದು, ಹಿಂಜರಿಯಬೇಡಿ. ಊರಿನಲ್ಲಿ ಹೆಸರಿರುವ ಸಮುದಾಯದ ಸಂಸ್ಥೆಯಿಂದ ಧರ್ಮದ ಬಗ್ಗೆ ಪತ್ರವೂ ಬೇಕು. ಸಂವಿಧಾನದ ಎಂಟನೇ ಅನುಸೂಚಿಯ ಒಂದು ಭಾಷೆ ಬರುತ್ತದೆ ಎಂದು ಘೋಷಿಸಬೇಕು, ಬಂಗಾಲಿಯೂ ಅದರಲ್ಲಿದೆ. ಅರ್ಜಿ ಆನ್‌ಲೈನ್. ಹೆಸರಿನ ಕಾಗುಣಿತ ಕಣ್ಣಿಟ್ಟು ನೋಡಿ. ಒಂದು ಕಡೆ ಮಂಡಲ್, ಇನ್ನೊಂದು ಕಡೆ ಮೊಂಡಲ್ ಇದ್ದರೆ ಇಬ್ಬರೂ ಒಬ್ಬರೇ ಅನ್ನುವ ಅಫಿಡವಿಟ್ ಮೊದಲೇ ಮಾಡಿಸಿಕೊಳ್ಳಿ. ಆಮೇಲೆ ಜಿಲ್ಲಾ ಮಟ್ಟದ ಸಮಿತಿ ಕರೆದಾಗ ಮೂಲ ಕಾಗದಗಳನ್ನು ತೆಗೆದುಕೊಂಡು ಖುದ್ದಾಗಿ ಹೋಗಬೇಕು, ಅಲ್ಲೇ ನಿಷ್ಠೆಯ ಪ್ರಮಾಣ ಮಾಡಿಸುತ್ತಾರೆ. ಹೋಗದೇ ಇದ್ದರೆ ಅರ್ಜಿ ತಿರಸ್ಕಾರ ಆಗಬಹುದು. ನಾಟಿ ಇರಲಿ, ಕೊಯ್ಲು ಇರಲಿ, ಆ ದಿನ ತಪ್ಪಿಸಬೇಡಿ. ಮಂಜೂರಾದರೆ ಭಾರತಕ್ಕೆ ಬಂದ ದಿನದಿಂದಲೇ ಪ್ರಜೆ ಎಂದು ಕಾನೂನು ಪರಿಗಣಿಸುತ್ತದೆ. 2024ರಲ್ಲೇ ನಮ್ಮ ಕ್ಯಾಂಪುಗಳ ಕೆಲವರ ಕೈಗೆ ಪ್ರಮಾಣಪತ್ರ ಬಂತು.

ಈ ದಾರಿ ಎಲ್ಲರಿಗೂ ಇಲ್ಲ. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ಮಾತ್ರ. ಮುಸ್ಲಿಮರು ಇದರಲ್ಲಿಲ್ಲ, ಶ್ರೀಲಂಕಾದಿಂದ ಬಂದ ತಮಿಳರೂ ಇಲ್ಲ. ಕಷ್ಟಕ್ಕೆ ಧರ್ಮ ನೋಡಿ ಬಾಗಿಲು ತೆರೆಯುವುದು ನನಗೆ ಸರಿ ಕಾಣುವುದಿಲ್ಲ. ಅಂಥವರು ಬಂದರೆ ನಾನು ಸುಳ್ಳು ಭರವಸೆ ಕೊಡುವುದಿಲ್ಲ, ಕೋರ್ಟಿನಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕಳಿಸುತ್ತೇನೆ. 15100ಕ್ಕೆ ಫೋನ್ ಮಾಡಿದರೂ ಕಾನೂನು ನೆರವು ಕೇಳಬಹುದು.

ಕೆಲಸಕ್ಕೆ ಬೆಂಗಳೂರಿಗೋ ಕೇರಳಕ್ಕೋ ಹೋಗುವ ಕ್ಯಾಂಪಿನ ಹುಡುಗರು ಒಂದು ಫೈಲ್ ಜೊತೆಗಿಟ್ಟುಕೊಳ್ಳಿ. ಬಂಗಾಲಿ ಮಾತಾಡಿದ್ದಕ್ಕೇ ಬಾಂಗ್ಲಾದವರು ಅನ್ನುವ ಜನ ಇದ್ದಾರೆ. ಗುಳೆ ಹೋಗಿ ಬಂದ ನಮ್ಮ ಮಂದಿಗೆ ಬೇರೆ ಊರಿನಲ್ಲಿ ಹೊರಗಿನವರು ಅನ್ನಿಸಿಕೊಳ್ಳುವ ನೋವು ಗೊತ್ತು. ಜನನ ಪ್ರಮಾಣಪತ್ರ, ಶಾಲೆಯ ಟಿ.ಸಿ., ಅಪ್ಪನ ಪಹಣಿ, ಇವುಗಳ ನಕಲು ಕೈಯಲ್ಲಿರಲಿ, ಮೂಲ ಮನೆಯಲ್ಲಿರಲಿ, ಫೋಟೋ ಫೋನಿನಲ್ಲಿರಲಿ.

ಇನ್ನು ಜಾತಿ ಪ್ರಮಾಣಪತ್ರ. ಕ್ಯಾಂಪಿನಲ್ಲಿ ನಾಮಶೂದ್ರರು ಬಹಳ ಇದ್ದಾರೆ. ಪಶ್ಚಿಮ ಬಂಗಾಳದಲ್ಲಿ ಅವರು ಪರಿಶಿಷ್ಟ ಜಾತಿ, ಕರ್ನಾಟಕದ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಪೌರತ್ವ ಸಿಕ್ಕಿದ ಮಾತ್ರಕ್ಕೆ ಇದು ಸರಿ ಹೋಗುವುದಿಲ್ಲ. ಪಟ್ಟಿ ಬದಲಾಗಬೇಕಾದರೆ ಸಂಸತ್ತಿನಲ್ಲೇ ಆಗಬೇಕು. ಅಂಗಡಿಯಲ್ಲಿ ಯಾರಾದರೂ ದುಡ್ಡು ಕೊಟ್ಟರೆ ಆ ಸರ್ಟಿಫಿಕೇಟನ್ನೂ ಮಾಡಿಸಿಕೊಡುತ್ತೇನೆ ಅಂದರೆ ಕೊಡಬೇಡಿ, ಎದ್ದು ಬನ್ನಿ.